ವ್ರಣಿತನ ವೇದನೆಯೂ ಅಹಿಫೇನದ ಅವಧಿಯೂ

೧

ಚಿತ್ರದುರ್ಗದ ಸೀಮೆಯಲ್ಲಿ ವೀರಗಲ್ಲುಗಳಿಗೆ ಕೊರತೆಯಿಲ್ಲ. ತುರುಗಳನ್ನು ಮರಳಿಸಿ ಮಡಿದವನಿಗೂ, ಊರಳಿವಿನಲ್ಲಿ ಕಾದಿ ಬಿದ್ದವನಿಗೂ ಕಲ್ಲನ್ನು ನಿಲ್ಲಿಸುವುದು, ಆತನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿಯನ್ನು ಬಿಡುವುದು, ಇವು ಕನ್ನಡನಾಡಿನ ಪುರಾತನ ಸಂಪ್ರದಾಯಗಳೆಂಬುದು ಶಾಸನಗಳನ್ನು ಓದಿದವರೆಲ್ಲರಿಗೂ ವಿದಿತವಾಗಿದೆ. ರೈಸರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ೧೧ನೆಯ ಸಂಪುಟವು ಈ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ಆದರೆ ಅಂಥದೇ ಕಾಳಗದಲ್ಲಿ ತೊಡೆಗೆ ಬಾಣ ನೆಟ್ಟು, ಮೂಳೆ ಮುರಿದು, ಸಾಯದೆ ಮನೆಗೆ ಮರಳಿದವನ ಸಂಗತಿಯನ್ನು ಆ ಕಲ್ಲುಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಸತ್ತವನಿಗೆ ಸ್ವರ್ಗದಲ್ಲಿ ದೇವಾಂಗನೆಯರ ಸ್ವಾಗತವುಂಟು. ಬದುಕಿದವನಿಗೆ ಇದ್ದುದು ನೋವು, ಹಾಸಿಗೆ, ಮತ್ತು ಮನೆಯವರ ಆರೈಕೆ.

ಈ ಮಾತು ಹಿಂದಿನ ಕಾಲಕ್ಕೆ ಮಾತ್ರ ಅನ್ವಯಿಸುವುದೆಂದು ತಿಳಿಯಬೇಕಾಗಿಲ್ಲ. ಇದೇ ಜಿಲ್ಲೆಯ ಹಿರಿಯೂರು ತಾಲ್ಲೂಕಿನಲ್ಲಿ ಹರಿಯಬ್ಬೆಯೆಂಬ ಗ್ರಾಮವಿದೆ. ಅದರ ಹೆಸರಿನ ಕೊನೆಯ ಭಾಗವು ತಾಯಿ ಎಂಬರ್ಥದ ಹಳಗನ್ನಡದ ಅಬ್ಬೆ ಎಂಬ ಪದವನ್ನು, ಅತ್ತಿಮಬ್ಬೆಯೇ ಮೊದಲಾದ ಸ್ತ್ರೀಯರ ಹೆಸರುಗಳನ್ನು ನೆನಪಿಗೆ ತರುತ್ತದೆ. ಬೆಂಗಳೂರಿನಿಂದ ಪುಣೆಗೆ ಹೋಗುವ ೪೮ನೆಯ ರಾಷ್ಟ್ರೀಯ ಹೆದ್ದಾರಿಯು ತಾಲ್ಲೂಕಿನ ಮುಖ್ಯಸ್ಥಳವಾದ ಹಿರಿಯೂರಿನ ಮೇಲೆ ಹಾಯುತ್ತದೆ. ಬಳ್ಳಾರಿಯ ದಾರಿಯೂ ಅಲ್ಲಿಯೇ ಬಂದು ಕೂಡುತ್ತದೆ. ೨೦೨೦ನೆಯ ಆಗಸ್ಟ್ ತಿಂಗಳಲ್ಲಿ ಹಿರಿಯೂರಿನ ಬಳಿ ಆ ಹೆದ್ದಾರಿಯಲ್ಲಿ ಪ್ರಯಾಣಿಕರ ಬಸ್ಸಿಗೆ ಬೆಂಕಿ ಹತ್ತಿ ಐವರು ಅಸುನೀಗಿದರು. ಹಲವರು ಗಾಯಗೊಂಡು ಆಸ್ಪತ್ರೆ ಸೇರಿದರು. ಇಂಥ ಸಂದರ್ಭಗಳಲ್ಲಿ ಲೋಕವು ಎಣಿಸುವುದು ಸತ್ತವರ ಸಂಖ್ಯೆಯನ್ನು. ಸುಟ್ಟ ಮೈಯೊಡನೆ, ಮುರಿದ ಕಾಲಿನೊಡನೆ ಹರಿಯಬ್ಬೆಯಂಥ ಹಳ್ಳಿಗಳಿಗೆ ಮರಳುವವರ ಮುಂದಿನ ತಿಂಗಳುಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ. ಅವರ ಚೀಲದಲ್ಲಿ ನೋವಿನ ಮಾತ್ರೆಗಳು ಇರುತ್ತವೆ. ಎಷ್ಟು ನುಂಗಬೇಕೆಂಬುದು ಚೀಟಿಯಲ್ಲಿ ಬರೆದಿರುತ್ತದೆ. ಎಂದು ಬಿಡಬೇಕೆಂಬುದು ಅನೇಕ ವೇಳೆ ಬರೆದಿರುವುದಿಲ್ಲ.

ಗಾಯದ ನೋವಿಗೆಂದು ಕೊಟ್ಟ ಅಹಿಫೇನವರ್ಗದ ಔಷಧವು ಗಾಯ ಮಾಯ್ದ ಮೇಲೆಯೂ ಬಿಡದೆ ಹಿಡಿಯುವುದು ಇಂದಿನ ವೈದ್ಯಲೋಕವನ್ನು ಕಾಡುತ್ತಿರುವ ಗಂಭೀರ ಪ್ರಶ್ನೆಗಳಲ್ಲೊಂದು. ಭಾರತೀಯ ವೈದ್ಯವಾಙ್ಮಯವು ಈ ಪ್ರಶ್ನೆಯನ್ನು ಯಾವ ಬಗೆಯಲ್ಲಿ ಎದುರಿಸಿತು, ಎಲ್ಲಿ ಎದುರಿಸದೆ ಉಳಿಯಿತು, ಆಧುನಿಕ ವಿಚಾರವು ಅದಕ್ಕೆ ಎಷ್ಟರಮಟ್ಟಿಗೆ ಹತ್ತಿರವಾಗಿದೆ ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

೨

ಶಸ್ತ್ರವೈದ್ಯಕ್ಕೆ ಪ್ರಮಾಣಭೂತವಾದ ಸುಶ್ರುತಸಂಹಿತೆಯಲ್ಲಿ ಅಹಿಫೇನದ ಹೆಸರಿಲ್ಲ. ಚರಕನಲ್ಲಿಯೂ ವಾಗ್ಭಟನಲ್ಲಿಯೂ ಅದು ಕಾಣದು. ಹಾಗೆಂದು ನೋವಿನ ವಿಚಾರವನ್ನು ಆ ಆಚಾರ್ಯರು ಉಪೇಕ್ಷಿಸಿದರೆಂದು ಹೇಳುವಂತಿಲ್ಲ. ಶಸ್ತ್ರಕರ್ಮಕ್ಕೆ ಮೊದಲು ರೋಗಿಗೆ ಇಷ್ಟವಾದ ಆಹಾರವನ್ನು ಕೊಡಬೇಕೆಂದೂ, ಮದ್ಯಪಾನದ ಅಭ್ಯಾಸವುಳ್ಳವನಾಗಿ ವೇದನೆಯನ್ನು ಸಹಿಸಲಾರದವನಾದರೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದೂ ಸೂತ್ರಸ್ಥಾನದ ೧೭ನೆಯ ಅಧ್ಯಾಯದಲ್ಲಿ ವಿಧಿಸಿದೆ. ಅನ್ನಬಲದಿಂದ ರೋಗಿಯು ಮೂರ್ಛೆಹೋಗುವುದಿಲ್ಲ. ಮದ್ಯದ ಮತ್ತಿನಿಂದ ಶಸ್ತ್ರದ ಅರಿವು ಆಗುವುದಿಲ್ಲ ಎಂಬುದು ಅಲ್ಲಿಯ ಯುಕ್ತಿ. ಇಲ್ಲಿ ಎರಡು ನಿಯಮಗಳನ್ನು ಗಮನಿಸಬೇಕು: ಮದ್ಯವು ಎಲ್ಲರಿಗೂ ವಿಹಿತವಲ್ಲ, ವಿಹಿತವಾದವನಿಗೂ ಅದು ಶಸ್ತ್ರಕರ್ಮದ ಹೊತ್ತಿಗೆ ಮಾತ್ರ.

ಎರಡನೆಯ ನಿಯಮವು ಕೇವಲ ಊಹೆಯಲ್ಲವೆಂಬುದಕ್ಕೆ ೧೯ನೆಯದಾದ ವ್ರಣಿತೋಪಾಸನೀಯಾಧ್ಯಾಯವೇ ಸಾಕ್ಷಿ. ಗಾಯಾಳುವು ಗುಣಹೊಂದುತ್ತಿರುವ ಕಾಲದಲ್ಲಿ ಆತನನ್ನು ಹೇಗೆ ನೋಡಿಕೊಳ್ಳಬೇಕೆಂಬುದೇ ಈ ಅಧ್ಯಾಯದ ವಿಷಯ. ಅಲ್ಲಿ ಗಾಯಾಳುವು ಮದ್ಯಪಾನಿಯಾಗಿದ್ದರೂ ಮೈರೇಯ, ಅರಿಷ್ಟ, ಆಸವ, ಸೀಧು, ಸುರೆಗಳನ್ನು ವರ್ಜಿಸಬೇಕೆಂದು ಸ್ಪಷ್ಟವಾಗಿ ನಿಷೇಧಿಸಿದೆ. ಎರಡು ಅಧ್ಯಾಯಗಳ ಹಿಂದೆ ಕುಡಿಸೆಂದು ಹೇಳಿದುದನ್ನೇ ಇಲ್ಲಿ ಬಿಡಿಸೆಂದು ಹೇಳಿರುವುದು ಪೂರ್ವಾಪರವಿರೋಧದಂತೆ ತೋರಬಹುದು. ವಿಚಾರಿಸಿ ನೋಡಿದರೆ ವಿರೋಧವಿಲ್ಲ, ಕಾಲಭೇದದಿಂದ ವ್ಯವಸ್ಥೆಯುಂಟಾಗಿದೆ. ವೇದನೆಯು ಅಸಹ್ಯವಾದ ಕ್ಷಣಕ್ಕೆ ತೀಕ್ಷ್ಣವಾದ ದ್ರವ್ಯ; ಆ ಕ್ಷಣವು ಕಳೆದ ಮೇಲೆ ಅದಕ್ಕೆ ನಿಷೇಧ. ಮಾದಕದ್ರವ್ಯಕ್ಕೆ ಅವಧಿಯನ್ನು ನಿಯಮಿಸುವ ಈ ಕ್ರಮವೇ ಸುಶ್ರುತಮತದ ತಿರುಳೆಂದು ಹೇಳಬಹುದು.

ಹಾಗಾದರೆ ಮುಂದಿನ ದಿನಗಳ ನೋವಿಗೆ ಗತಿಯೇನು? ಅದಕ್ಕೆ ಸುಶ್ರುತನು ಒಂದೇ ಉಪಾಯವನ್ನು ನಂಬಿ ಕುಳಿತಿಲ್ಲ. ಶಸ್ತ್ರದಿಂದಾದ ವೇದನೆಗೆ ಯಷ್ಟಿಮಧುವನ್ನು ಕೂಡಿಸಿದ ಬೆಚ್ಚನೆಯ ತುಪ್ಪದ ಸೇಕವನ್ನು ೫ನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಚಿಕಿತ್ಸಾಸ್ಥಾನದ ೩ನೆಯ ಅಧ್ಯಾಯದಲ್ಲಿ ಮೂಳೆಮುರಿತಕ್ಕೆ ಮರದ ತೊಗಟೆಯ ದಬ್ಬೆಗಳನ್ನೂ, ಅಲುಗದಂತೆ ಮಲಗಿಸುವ ಕಪಾಟಶಯನವನ್ನೂ, ಶೀತಕಾಲದಲ್ಲಿ ಏಳು ದಿನಕ್ಕೊಮ್ಮೆ, ಸಾಧಾರಣಕಾಲದಲ್ಲಿ ಐದು ದಿನಕ್ಕೊಮ್ಮೆ, ಬಿಸಿಲುಕಾಲದಲ್ಲಿ ಮೂರು ದಿನಕ್ಕೊಮ್ಮೆ ಕಟ್ಟನ್ನು ಬದಲಾಯಿಸುವ ಕ್ರಮವನ್ನೂ ವಿಧಿಸಿದ್ದಾನೆ. ಮುರಿದ ಅಂಗವು ನಿಶ್ಚಲವಾಗಿದ್ದರೆ ನೋವು ಅರ್ಧ ಇಳಿದಂತೆಯೇ ಎಂಬುದು ಎಲುಬು ಕಟ್ಟುವವರೆಲ್ಲರೂ ಬಲ್ಲ ವಿಷಯ; ಗಡಿಯಾಚೆಯ ಆಂಧ್ರದ ಪುತ್ತೂರಿನ ಕಟ್ಟಿಗೆ ಕನ್ನಡನಾಡಿನಲ್ಲಿಯೂ ಪ್ರಸಿದ್ಧಿಯಿರುವುದು ದಬ್ಬೆ ಮತ್ತು ಕಟ್ಟಿನ ಈ ವಿದ್ಯೆಯಿಂದಲೇ. ಎಲ್ಲಕ್ಕಿಂತ ಮಿಗಿಲಾಗಿ, ಪ್ರಿಯವಾದ ಮಾತನಾಡುವ ಸ್ನೇಹಿತರು ಕಥೆಗಳನ್ನು ಹೇಳಿ, ಧೈರ್ಯವನ್ನು ತುಂಬಿ ವ್ರಣದ ವೇದನೆಯನ್ನು ಮರೆಸಬೇಕೆಂದು ವ್ರಣಿತೋಪಾಸನೀಯದಲ್ಲಿ ಹೇಳಿರುವುದು ಮನನೀಯವಾಗಿದೆ. ಇದನ್ನು ಕಾವ್ಯಾಲಂಕಾರವೆಂದು ಓದಿ ಬಿಡಬಾರದು. ಹಾಸಿಗೆ, ಆಹಾರ, ಕಟ್ಟುಗಳ ಸಾಲಿನಲ್ಲಿಯೇ ಇದನ್ನೂ ಚಿಕಿತ್ಸೆಯಾಗಿ ಎಣಿಸಿದೆ.

೩

ಕನ್ನಡನಾಡಿನ ವೈದ್ಯಗ್ರಂಥಗಳ ಕಡೆಗೆ ತಿರುಗಿದರೆ ಮತ್ತೊಂದು ವಿಶೇಷವು ತೋರುತ್ತದೆ. ರಾಷ್ಟ್ರಕೂಟರ ಕಾಲಕ್ಕೆ ಸೇರಿದ ಉಗ್ರಾದಿತ್ಯನ ಸಂಸ್ಕೃತ ಕಲ್ಯಾಣಕಾರಕವೂ, ೧೨ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ ಕನ್ನಡದಲ್ಲಿ ರಚಿಸಿದ ಕರ್ಣಾಟಕ ಕಲ್ಯಾಣಕಾರಕವೂ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಚಿಕಿತ್ಸಾಕ್ರಮಕ್ಕೆ ಪ್ರಸಿದ್ಧವಾಗಿವೆ. ಸುಶ್ರುತನು ಶಸ್ತ್ರಕರ್ಮದ ಹೊತ್ತಿಗೆ ಅನುಮತಿಸಿದ ಮದ್ಯಕ್ಕೂ ಈ ಸಂಪ್ರದಾಯದಲ್ಲಿ ಎಡೆಯಿರಲಾರದೆಂಬುದು ಸ್ಪಷ್ಟ. ೧೪ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷಚಿಕಿತ್ಸೆಯನ್ನೇ ವಿಷಯವಾಗಿ ಉಳ್ಳ ದೊಡ್ಡ ಗ್ರಂಥ. ಒಂದು ಪರಂಪರೆಯು ಮಾದಕವನ್ನು ದೂರವಿಟ್ಟಿತು. ಇನ್ನೊಂದು ವಿಷವನ್ನು ಹತ್ತಿರದಿಂದ ಪರೀಕ್ಷಿಸಿತು. ಮುಂದೆ ಅಹಿಫೇನವು ದೇಶೀಯ ವೈದ್ಯದೊಳಗೆ ಬಂದಾಗ ಅದನ್ನು ಸಾಮಾನ್ಯವಾದ ಮೂಲಿಕೆಯೆಂದು ಎಣಿಸದೆ ವಿಷದ ಬಂಧುವೆಂದು ವೈದ್ಯರು ಎಣಿಸಿದುದನ್ನು ತಿಳಿಯಲು ಈ ಹಿನ್ನೆಲೆಯು ಸಹಾಯಕವಾಗುತ್ತದೆ.

ಅಹಿಫೇನ ಎಂಬ ಶಬ್ದವು ನೋಡುವುದಕ್ಕೆ ಸಂಸ್ಕೃತವೇ. ಅಹಿಯ ಫೇನ, ಅಂದರೆ ಹಾವಿನ ನೊರೆ, ಎಂದು ವಿಗ್ರಹವಾಕ್ಯವನ್ನೂ ಹೇಳಬಹುದು. ಆದರೆ ಗ್ರೀಕರ ಓಪಿಯಾನ್ ಎಂಬ ಪದವು ಅರಬರ ಬಾಯಲ್ಲಿ ಅಫ್ಯೂನ್ ಆಗಿ, ಆ ಅಫ್ಯೂನಿಗೇ ಪಂಡಿತರು ಸಂಸ್ಕೃತದ ಅಂಗಿಯನ್ನು ತೊಡಿಸಿದರೆಂದು ಭಾಷಾಶಾಸ್ತ್ರಜ್ಞರ ಮತ. ಕನ್ನಡದ ಅಫೀಮು ಅದೇ ಬಳ್ಳಿಯ ಕುಡಿ. ಕಲ್ಪಿತವಾದರೂ ಈ ವ್ಯುತ್ಪತ್ತಿಯು ವ್ಯರ್ಥವಲ್ಲ. ಹೆಸರಿನಲ್ಲಿಯೇ ಹಾವನ್ನು ಕೂಡಿಸಿದವರಿಗೆ ವಸ್ತುವಿನ ಸ್ವಭಾವವು ತಿಳಿದಿದ್ದಿತು. ಕನ್ನಡಿಗರ ಅಡುಗೆಮನೆಯ ಗಸಗಸೆಯೂ ಇದೇ ಗಿಡದ ಬೀಜ. ಹಬ್ಬದ ಗಸಗಸೆಪಾಯಸವನ್ನು ಉಂಡವರಿಗೆ ನಿದ್ರೆ ಬರುವುದೆಂಬ ವಾಡಿಕೆಯ ಮಾತಿದ್ದರೂ, ಮಾದಕಸತ್ತ್ವವಿರುವುದು ಎಳೆಯ ಕಾಯಿಯನ್ನು ಗೀರಿದಾಗ ಒಸರುವ ಹಾಲಿನಲ್ಲಿ. ಬೀಜದಲ್ಲಿ ಅದು ಅತ್ಯಲ್ಪ.

ಶಾರ್ಙ್ಗಧರಸಂಹಿತೆಯಲ್ಲಿ ಅಹಿಫೇನವು ಎರಡು ಕಡೆಗಳಲ್ಲಿ ಬರುತ್ತದೆ. ಮೊದಲನೆಯದು ಪೂರ್ವಖಂಡದ ಪರಿಭಾಷೆಯಲ್ಲಿ: ಮೊದಲು ದೇಹವನ್ನೆಲ್ಲ ವ್ಯಾಪಿಸಿ ಆಮೇಲೆ ಪಾಕವನ್ನು ಹೊಂದುವ ದ್ರವ್ಯಕ್ಕೆ ವ್ಯವಾಯಿ ಎಂದು ಹೆಸರು, ಅದಕ್ಕೆ ಭಂಗಿ ಮತ್ತು ಅಹಿಫೇನಗಳು ಉದಾಹರಣೆಗಳು. ಎರಡನೆಯದು ಮಧ್ಯಮಖಂಡದಲ್ಲಿ: ಎಕ್ಕ, ಕಳ್ಳಿ, ದತ್ತೂರ, ಲಾಂಗಲಿ, ಕಣಗಿಲೆ, ಗುಲಗಂಜಿಗಳೊಡನೆ ಏಳನೆಯ ಉಪವಿಷವಾಗಿ. ಶುಂಠಿಯ ಹಸಿಯ ರಸದಲ್ಲಿ ೨೧ ಭಾವನೆಗಳನ್ನು ಕೊಟ್ಟು ಶೋಧಿಸಿದ ಮೇಲೆಯೇ ಅದು ಔಷಧಕ್ಕೆ ಅರ್ಹವೆಂದು ರಸಶಾಸ್ತ್ರದ ವಿಧಿ. ಇಂದಿಗೂ ಭಾರತದ ಔಷಧನಿಯಮಗಳ ವಿಷದ್ರವ್ಯಗಳ ಪಟ್ಟಿಯಲ್ಲಿ ಅಹಿಫೇನವುಂಟು. ಆದರೆ ಒಂದು ಮುಖ್ಯವಾದ ಕೊರತೆಯನ್ನು ಹೇಳಲೇಬೇಕು. ಈ ಗ್ರಂಥಗಳಲ್ಲಿ ಅಹಿಫೇನದ ಪ್ರಧಾನ ಪ್ರಯೋಗವು ಅತಿಸಾರ ಗ್ರಹಣಿಗಳಲ್ಲಿ; ವ್ರಣದ ಅಧಿಕಾರದಲ್ಲಲ್ಲ. ಮದ್ಯಕ್ಕೆ ಸುಶ್ರುತನು ಹಾಕಿಕೊಟ್ಟಂಥ ಕಾಲಮರ್ಯಾದೆಯು, ಗಾಯಾಳುವಿಗೆ ಕೊಡುವ ಅಹಿಫೇನಕ್ಕೆ ಶಾಸ್ತ್ರದಲ್ಲಿ ನೆಲೆಯೂರುವಷ್ಟರಲ್ಲಿ, ದ್ರವ್ಯವೇ ರೂಪಾಂತರವನ್ನು ಹೊಂದಿತು.

೪

ಆ ರೂಪಾಂತರವು ನಡೆದುದು ಜರ್ಮನಿಯಲ್ಲಿ. ೧೯ನೆಯ ಶತಮಾನದ ಮೊದಲ ವರ್ಷಗಳಲ್ಲಿ ಸರ್ಟುರ್ನರ್ ಎಂಬ ಔಷಧಕಾರನು ಅಫೀಮಿನಿಂದ ಮಾರ್ಫೀನು ಎಂಬ ಸತ್ತ್ವವನ್ನು ಬೇರ್ಪಡಿಸಿದನು. ಆ ಶತಮಾನದ ನಡುವೆ, ೧೮೫೩ರ ಸುಮಾರಿನಲ್ಲಿ, ಚರ್ಮದ ಕೆಳಗೆ ಮದ್ದನ್ನು ಹೋಗಿಸುವ ಸೂಜಿ ಬಳಕೆಗೆ ಬಂದಿತು. ಕರುಳಿನ ಹಾದಿಯಲ್ಲಿ ನಿಧಾನವಾಗಿ ಹೋಗುತ್ತಿದ್ದ ಔಷಧವು ಈಗ ಕ್ಷಣದಲ್ಲಿ ವ್ಯಾಪಿಸತೊಡಗಿತು. ವ್ಯವಾಯಿ ಎಂಬ ಶಾರ್ಙ್ಗಧರನ ಮಾತಿಗೆ ಹೊಸ ಅರ್ಥವೇ ಬಂದಂತಾಯಿತು. ೧೮೬೧ರಿಂದ ೧೮೬೫ರ ವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಾಳುಗಳಿಗೆ ಅಫೀಮನ್ನೂ ಮಾರ್ಫೀನನ್ನೂ ಧಾರಾಳವಾಗಿ ಕೊಟ್ಟರು. ಯುದ್ಧದಿಂದ ಮರಳಿದವರಲ್ಲಿ ಕೆಲವರು ಅದನ್ನು ಬಿಡಲಾರದೆ ಉಳಿದರು. ಅವರ ಸಂಖ್ಯೆಯ ವಿಷಯದಲ್ಲಿ ಚರಿತ್ರಕಾರರಿಗೆ ಭಿನ್ನಾಭಿಪ್ರಾಯವಿದ್ದರೂ ಸಂಗತಿಯಲ್ಲಿ ಸಂದೇಹವಿಲ್ಲ. ಭಾರತದಲ್ಲಿಯೂ ೨೦ನೆಯ ಶತಮಾನದ ಪೂರ್ವಾರ್ಧದಲ್ಲಿ ಅಫೀಮಿನ ಚಟವನ್ನು ಪರಿಶೀಲಿಸಿದ ಆರ್. ಎನ್. ಚೋಪ್ರಾ ಅವರು, ವ್ಯಾಧಿಯ ಉಪಶಮನಕ್ಕೆಂದು ಆರಂಭಿಸಿ ಅದಕ್ಕೆ ಒಳಗಾದವರು ಬಹುಮಂದಿಯೆಂದು ಕಂಡರು.

ಇಲ್ಲಿ ಎರಡು ಪದಗಳ ಭೇದವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯಕ. ಕೆಲವು ದಿನ ಸತತವಾಗಿ ಸೇವಿಸಿದ ದ್ರವ್ಯಕ್ಕೆ ದೇಹವು ಒಗ್ಗಿಹೋಗುವುದನ್ನು ಚರಕನು ಓಕಸಾತ್ಮ್ಯವೆನ್ನುತ್ತಾನೆ. ಅದು ಶರೀರದ ಧರ್ಮ. ಅದರಲ್ಲಿ ರೋಗಿಯ ಅಪರಾಧವಿಲ್ಲ. ಹಾಗೆ ಒಗ್ಗಿದ ದ್ರವ್ಯವನ್ನು ಒಮ್ಮೆಗೇ ನಿಲ್ಲಿಸಿದರೆ ಮೈ ನಡುಗುವುದು, ಬೆವರುವುದು, ನಿದ್ರೆಗೆಡುವುದು ಸಂಭವಿಸುತ್ತದೆ. ವ್ಯಸನವು ಬೇರೆ. ಪುರುಷನನ್ನು ಶ್ರೇಯಸ್ಸಿನಿಂದ ಆಚೆಗೆ ಎಸೆಯುವುದೇ ವ್ಯಸನವೆಂದು ಕೌಟಿಲ್ಯನು ನಿರ್ವಚನಮಾಡಿದ್ದಾನೆ. ಹಾನಿಯು ಕಣ್ಣಿಗೆ ಕಾಣುತ್ತಿದ್ದರೂ ಅದನ್ನೇ ಬಯಸಿ ಓಡುವ ಮನಸ್ಸಿನ ಸ್ಥಿತಿಯದು. ಒಗ್ಗಿದವರೆಲ್ಲರೂ ವ್ಯಸನಿಗಳಲ್ಲ. ಆದರೆ ಬಿಡುವಾಗಿನ ಸಂಕಟವನ್ನು ಹಳೆಯ ಗಾಯದ ನೋವೇ ಮರಳಿತೆಂದು ಭ್ರಮಿಸಿ ಮತ್ತೆ ಮಾತ್ರೆಗೆ ಕೈಚಾಚುವವನು ಮೊದಲನೆಯದರಿಂದ ಎರಡನೆಯದಕ್ಕೆ ಜಾರುವುದು ಸುಲಭ. ಈ ಭೇದವನ್ನರಿಯದೆ ಗಾಯಾಳುವನ್ನು ಚಟಗಾರನೆಂದು ಜರೆಯುವುದು ಅನ್ಯಾಯ. ಜಾರುವಿಕೆಯನ್ನು ಕಾಣದೆ ಸುಮ್ಮನಿರುವುದು ಅವಿವೇಕ.

ಒಗ್ಗಿದುದನ್ನು ಬಿಡಿಸುವ ಕ್ರಮವನ್ನೂ ಚರಕನು ಸೂತ್ರಸ್ಥಾನದ ೭ನೆಯ ಅಧ್ಯಾಯದಲ್ಲಿ ಉಪದೇಶಿಸಿದ್ದಾನೆ. ಅಭ್ಯಾಸವಾಗಿರುವ ಅಹಿತವನ್ನು ಕಾಲುಭಾಗದಂತೆ ಕಳೆಯುತ್ತ, ಹಿತವನ್ನು ಅದೇ ಕಾಲುಭಾಗದಂತೆ ಕೂಡಿಸುತ್ತ, ನಡುನಡುವೆ ಒಂದು, ಎರಡು, ಮೂರು ದಿನಗಳ ಅಂತರವನ್ನು ಕೊಡಬೇಕೆಂಬ ಈ ಕ್ರಮಕ್ಕೆ ಪಾದಾಂಶಿಕವೆಂದು ಹೆಸರು. ಮೆಲ್ಲಮೆಲ್ಲನೆ ಕಳೆದ ದೋಷಗಳು ಮತ್ತೆ ಹುಟ್ಟುವುದಿಲ್ಲವೆಂಬುದು ಅದರ ಫಲಶ್ರುತಿ. ವಾಗ್ಭಟನೂ ಅಷ್ಟಾಂಗಹೃದಯದಲ್ಲಿ ಇದನ್ನೇ ಅನುಸರಿಸಿ, ಕಾಲುಭಾಗವು ಹೆಚ್ಚೆನಿಸಿದರೆ ಕಾಲಿನ ಕಾಲುಭಾಗದಂತೆ ಬಿಡಬಹುದೆಂದು ಸೇರಿಸುತ್ತಾನೆ. ಸಾತ್ಮ್ಯವಾದುದನ್ನು ಥಟ್ಟನೆ ಬಿಡುವುದರಿಂದಲೂ ರೋಗಗಳು ಹುಟ್ಟುವುವೆಂದು ಎಚ್ಚರಿಸುತ್ತಾನೆ. ಮದಾತ್ಯಯಚಿಕಿತ್ಸೆಯಲ್ಲಿ ಚರಕನು ಇನ್ನೊಂದು ಅಪಾಯವನ್ನು ಗುರುತಿಸಿದ್ದಾನೆ. ಮದ್ಯವನ್ನು ಬಿಟ್ಟಿದ್ದವನು ಒಮ್ಮೆಗೇ ಅತಿಯಾಗಿ ಕುಡಿದರೆ ಧ್ವಂಸಕ, ವಿಕ್ಷಯ ಎಂಬ ಕಷ್ಟಸಾಧ್ಯವಾದ ರೋಗಗಳು ಬರುತ್ತವೆಂಬುದು ಅವನ ಮಾತು. ಅಹಿಫೇನವರ್ಗವನ್ನು ಬಿಟ್ಟು ಕೆಲವು ಕಾಲ ಕಳೆದವನು ಹಳೆಯ ಪ್ರಮಾಣದಲ್ಲಿಯೇ ಮತ್ತೆ ಸೇವಿಸಿದರೆ ಉಸಿರು ನಿಂತು ಸಾಯುವ ಸಂಭವವಿದೆಯೆಂದು ಇಂದಿನ ವೈದ್ಯರು ಹೇಳುವುದನ್ನು ಇದರೊಡನೆ ಹೋಲಿಸಬಹುದು.

ಚರಕನ ಸೂತ್ರವು ಅಹಿಫೇನವನ್ನು ಉದ್ದೇಶಿಸಿದುದಲ್ಲ, ಅಹಿತಾಭ್ಯಾಸ ಸಾಮಾನ್ಯವನ್ನು ಕುರಿತದ್ದು ಎಂಬುದನ್ನು ಮರೆಯಬಾರದು. ಆ ಕಾಲುಭಾಗದ ಲೆಕ್ಕವನ್ನು ಇಂದಿನ ಮಾತ್ರೆಗಳಿಗೆ ಹಾಗೆಯೇ ಹಚ್ಚುವುದು ಸರಿಯಲ್ಲ. ಅಮೆರಿಕದ ಆರೋಗ್ಯ ಇಲಾಖೆಯವರು ೨೦೨೨ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ, ವರ್ಷಕ್ಕೂ ಹೆಚ್ಚುಕಾಲ ಸೇವಿಸಿದವರಿಗೆ ತಿಂಗಳಿಗೆ ನೂರಕ್ಕೆ ಹತ್ತರಂತೆ ಅಥವಾ ಇನ್ನೂ ನಿಧಾನವಾಗಿ ಇಳಿಸುವುದು ಸಹ್ಯವೆಂದು ಹೇಳಿದೆ. ಅಳತೆಯಲ್ಲಿ ಭೇದವಿದೆ, ತತ್ತ್ವದಲ್ಲಿ ಭೇದವಿಲ್ಲ.

೫

ಇಷ್ಟು ತಿಳಿದಿದ್ದ ಲೋಕವು ಇತ್ತೀಚಿನ ಅರ್ಧಶತಮಾನದಲ್ಲಿ ಎರಡು ವಿರುದ್ಧ ದಿಕ್ಕುಗಳಲ್ಲಿ ತಪ್ಪಿತು. ಮೊದಲನೆಯ ತಪ್ಪಿನ ಕಥೆಯು ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ವಿಶೇಷವಾಗಿ ಪರಿಚಿತವೆನಿಸೀತು. ೧೯೮೦ರಲ್ಲಿ ಅಮೆರಿಕದ ಒಂದು ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಕೆಲವೇ ವಾಕ್ಯಗಳ ಒಂದು ಪತ್ರವು ಅಚ್ಚಾಯಿತು. ಆಸ್ಪತ್ರೆಯಲ್ಲಿದ್ದು ಅಹಿಫೇನವರ್ಗದ ಔಷಧವನ್ನು ಪಡೆದ ೧೧,೮೮೨ ರೋಗಿಗಳ ದಾಖಲೆಗಳಲ್ಲಿ ವ್ಯಸನಕ್ಕೆ ಸಾಕಷ್ಟು ಆಧಾರ ದೊರೆತುದು ೪ ಮಂದಿಯಲ್ಲಿ ಮಾತ್ರ ಎಂಬುದು ಅದರ ಸಾರಾಂಶ. ಮೂಲದಲ್ಲಿದ್ದ ಮಾತು ಆಸ್ಪತ್ರೆಯೊಳಗಿನವರಿಗೆ ಸೀಮಿತ. ಮನೆಗೆ ಹೋಗಿ ತಿಂಗಳುಗಟ್ಟಲೆ ಸೇವಿಸಿದವರ ವಿಚಾರವೇ ಅಲ್ಲಿಲ್ಲ. ೨೦೧೭ರಲ್ಲಿ ಕೆನಡದ ವಿದ್ವಾಂಸರು ಪರಿಶೀಲಿಸಿದಾಗ ಆ ಪತ್ರವನ್ನು ೬೦೮ ಬರಹಗಳಲ್ಲಿ ಉದ್ಧರಿಸಿರುವುದು ಕಂಡುಬಂದಿತು. ಹೆಚ್ಚಿನವರು ವ್ಯಸನವು ವಿರಳವೆಂಬುದಕ್ಕೆ ಅದನ್ನೇ ಪ್ರಮಾಣವಾಗಿ ಒಡ್ಡಿದ್ದರು. ಆಸ್ಪತ್ರೆಯೊಳಗಿನವರು ಎಂಬ ವಿಶೇಷಣವನ್ನು ಕೈಬಿಟ್ಟಿದ್ದರು. ಮೂಲಪಾಠವನ್ನು ನೋಡದೆ ಒಬ್ಬರ ಉದ್ಧರಣೆಯಿಂದ ಇನ್ನೊಬ್ಬರು ಉದ್ಧರಿಸುವ ದೋಷವು ಕಾವ್ಯದಲ್ಲಿ ಒಂದು ಅಪಪಾಠವನ್ನು ಉಳಿಸೀತು. ವೈದ್ಯದಲ್ಲಿ ಅದು ಜೀವಗಳನ್ನು ಕೊಂಡಿತು. ೧೯೯೬ರಲ್ಲಿ ಆಕ್ಸಿಕಾಂಟಿನ್ ಎಂಬ ಮಾತ್ರೆಯು ಅಲ್ಲಿಯ ಮಾರುಕಟ್ಟೆಗೆ ಬಂದ ಮೇಲೆ ನಡೆದ ಅನಾಹುತವು ಲೋಕವಿದಿತವಾಗಿದೆ.

ಎರಡನೆಯ ತಪ್ಪು ಭಾರತದ್ದು. ೧೮೫೭ರ ಮತ್ತು ೧೮೭೮ರ ಅಫೀಮಿನ ಕಾಯಿದೆಗಳನ್ನೂ ೧೯೩೦ರ ಅಪಾಯಕರ ಔಷಧಗಳ ಕಾಯಿದೆಯನ್ನೂ ರದ್ದುಮಾಡಿ ೧೯೮೫ರಲ್ಲಿ ಮಾದಕವಸ್ತುಗಳ ಹೊಸ ಶಾಸನವನ್ನು ತಂದರು. ಅದರ ಕಠಿಣವಾದ ಶಿಕ್ಷೆಗೂ, ಹಲವು ಕಚೇರಿಗಳ ಅನುಮತಿಪತ್ರಗಳಿಗೂ ಹೆದರಿ ಆಸ್ಪತ್ರೆಗಳು ಮಾರ್ಫೀನನ್ನು ಇಡುವುದನ್ನೇ ಬಿಟ್ಟವು. ೧೯೯೭ರಲ್ಲಿ ಇಡೀ ದೇಶವು ಬಳಸಿದ ಮಾರ್ಫೀನು ಸುಮಾರು ೧೮ ಕಿಲೋಗ್ರಾಂ ಮಾತ್ರ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಅನುಮತಿಯಿಂದಲೇ ಅಫೀಮನ್ನು ಬೆಳೆಯುವ, ೧೮೨೦ರಿಂದ ಘಾಜಿಪುರದಲ್ಲಿಯೂ ೧೯೩೩ರಿಂದ ನೀಮಚ್‌ನಲ್ಲಿಯೂ ಅದರ ಕಾರ್ಖಾನೆಗಳನ್ನು ಉಳ್ಳ ದೇಶದಲ್ಲಿ ಅರ್ಬುದರೋಗಿಗಳೂ ಮೈಮುರಿದ ಗಾಯಾಳುಗಳೂ ಮದ್ದಿಲ್ಲದೆ ನರಳಿದರು. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ನೋವಿನ ಶಮನವನ್ನೇ ವ್ರತವಾಗಿ ಕೈಕೊಂಡುದು ಈ ಹಿನ್ನೆಲೆಯಲ್ಲಿ. ೨೦೧೪ರ ತಿದ್ದುಪಡಿಯು ಅವಶ್ಯಕವಾದ ಮಾದಕೌಷಧಗಳನ್ನು ಪಡೆಯುವ ವಿಧಾನವನ್ನು ಸರಳಗೊಳಿಸಿತು.

ಒಂದು ದೇಶದಲ್ಲಿ ಅವಧಿಯಿಲ್ಲದ ದಾನ. ಇನ್ನೊಂದರಲ್ಲಿ ಅವಧಿಯೊಳಗೂ ನಿರಾಕರಣೆ. ವೇದನಾಸಹನಿಗೆ ತೀಕ್ಷ್ಣವನ್ನು ಕೊಡು, ಆಮೇಲೆ ಬಿಡಿಸು ಎಂಬ ಸುಶ್ರುತಕ್ರಮದ ಪೂರ್ವಾರ್ಧವನ್ನು ಭಾರತವೂ ಉತ್ತರಾರ್ಧವನ್ನು ಅಮೆರಿಕವೂ ಮರೆತವೆಂದು ಹೇಳಿದರೆ ತಪ್ಪಾಗಲಾರದು.

ಮಾರ್ಫೀನಿಗೆ ಬಾಗಿಲು ಮುಚ್ಚಿದಾಗ ಅದರ ಸೌಮ್ಯಬಂಧುಗಳಿಗೆ ಕಿಟಕಿ ತೆರೆದಿದ್ದಿತು ಎಂಬುದನ್ನೂ ಇಲ್ಲಿ ಹೇಳಬೇಕು. ಟ್ರಮಡಾಲ್ ಎಂಬ ಮಾತ್ರೆಯು ೨೦೧೮ರ ಏಪ್ರಿಲ್‌ವರೆಗೆ ಈ ಶಾಸನದ ಹಿಡಿತಕ್ಕೆ ಸೇರಿರಲಿಲ್ಲ. ಟೆಪೆಂಟಡಾಲನ್ನು ಕ್ಯಾರಿಸೊಪ್ರೊಡಾಲ್‌ನೊಡನೆ ಬೆರೆಸಿದ ಮಾತ್ರೆಗಳು ಪಶ್ಚಿಮ ಆಫ್ರಿಕದಲ್ಲಿ ಹಾವಳಿಯೆಬ್ಬಿಸಿದ ವಾರ್ತೆ ಹೊರಬಿದ್ದ ಮೇಲೆ, ೨೦೨೫ರ ಫೆಬ್ರವರಿಯಲ್ಲಿ ಭಾರತಸರ್ಕಾರವು ಅವುಗಳ ತಯಾರಿಕೆಯನ್ನೂ ರಫ್ತನ್ನೂ ತಡೆಯಲು ಕ್ರಮ ಕೈಕೊಂಡಿತು. ಹೆಸರು ಸೌಮ್ಯವಾದರೂ ಇವು ಅದೇ ವರ್ಗದವು; ಹಳೆಯ ಚೀಟಿಯನ್ನೇ ಮತ್ತೆ ಮತ್ತೆ ತೋರಿಸಿ ಅಂಗಡಿಯಲ್ಲಿ ಕೊಳ್ಳುವ ಪದಾರ್ಥಗಳಲ್ಲ.

೬

ಹಾಗಾದರೆ ಗಾಯಾಳುವು ವರ್ಷಗಟ್ಟಲೆ ಮಾತ್ರೆಗೆ ಅಂಟಿಕೊಳ್ಳದಂತೆ ತಡೆಯುವ ಸಮಯ ಯಾವುದು? ಚಟವು ಹತ್ತಿದ ಮೇಲೆ ಬಿಡಿಸುವ ವಿದ್ಯೆಯುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಅದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಆದರೆ ಈಚಿನ ಸಂಶೋಧನೆಗಳು ಬೆರಳುಮಾಡುವುದು ಮೊದಲ ದಿನಗಳ ಕಡೆಗೆ. ೨೦೧೭ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರಿಶೀಲನೆಯಲ್ಲಿ, ಹಿಂದೆ ಈ ಔಷಧವನ್ನು ಸೇವಿಸದಿದ್ದವರಿಗೆ ಮೊದಲ ಸಲ ಎಷ್ಟು ದಿನಗಳಿಗೆ ಬರೆದುಕೊಟ್ಟರೆಂಬುದನ್ನು ನೋಡಿದರು. ಕನಿಷ್ಠ ೧ ದಿನದ ಮದ್ದನ್ನು ಪಡೆದವರಲ್ಲಿ ನೂರಕ್ಕೆ ೬ ಮಂದಿ ವರ್ಷದ ಮೇಲೆಯೂ ಸೇವಿಸುತ್ತಿದ್ದರು; ೮ ದಿನ ಅಥವಾ ಹೆಚ್ಚು ಪಡೆದವರಲ್ಲಿ ನೂರಕ್ಕೆ ೧೩.೫, ೩೧ ದಿನ ಅಥವಾ ಹೆಚ್ಚು ಪಡೆದವರಲ್ಲಿ ನೂರಕ್ಕೆ ೨೯.೯. ಹೆಚ್ಚು ದಿನ ಪಡೆದವರಿಗೆ ರೋಗವೂ ಹೆಚ್ಚಾಗಿದ್ದಿರಬಹುದಾದ್ದರಿಂದ ಈ ಅಂಕಿಗಳನ್ನು ಕಾರ್ಯಕಾರಣಭಾವಕ್ಕೆ ಪೂರ್ಣಪ್ರಮಾಣವೆಂದು ಹಿಡಿಯಲಾಗದು. ಆದರೂ ಅವಧಿಯು ಬೆಳೆದಂತೆ ಬಂಧವೂ ಬೆಳೆಯುವುದೆಂಬ ಎಚ್ಚರಿಕೆಗೆ ಅವು ಸಾಲುತ್ತವೆ. ಅದೇ ವರ್ಷದ ಇನ್ನೊಂದು ಪರಿಶೀಲನೆಯು, ಶಸ್ತ್ರಚಿಕಿತ್ಸೆಯು ದೊಡ್ಡದಿರಲಿ ಸಣ್ಣದಿರಲಿ, ಹೊಸದಾಗಿ ಈ ಸೇವನೆಗೆ ಅಂಟಿಕೊಂಡವರ ಪ್ರಮಾಣವು ನೂರಕ್ಕೆ ಸುಮಾರು ೬ ಎಂದು ತೋರಿಸಿತು. ಗಾಯದ ಗಾತ್ರಕ್ಕಿಂತ ತಂಬಾಕು, ಮದ್ಯಗಳ ಅಭ್ಯಾಸ, ಮನಸ್ಸಿನ ಖಿನ್ನತೆ, ಮೊದಲೇ ಇದ್ದ ನೋವುಗಳು ಬಲವತ್ತರವಾದ ಕಾರಣಗಳಾಗಿ ಅಲ್ಲಿ ಕಂಡುಬಂದವು.

ಇದರಿಂದ ವೈದ್ಯರು ತೆಗೆದ ನಿರ್ಣಯಗಳನ್ನು ಸಂಗ್ರಹಿಸಿದರೆ ಹೀಗಾಗುತ್ತದೆ. ತೀವ್ರವೇದನೆಯ ಮೊದಲ ದಿನಗಳಲ್ಲಿ ಅಹಿಫೇನವರ್ಗವನ್ನು ಕೊಡಲು ಹಿಂಜರಿಯಬಾರದು. ಶಮನವಾಗದ ನೋವೂ ದೀರ್ಘವ್ಯಾಧಿಗೆ ಬೀಜ. ಆದರೆ ಅದೊಂದನ್ನೇ ನಂಬದೆ ಪ್ಯಾರಾಸಿಟಮಾಲಿನಂಥ ಬೇರೆ ಮದ್ದುಗಳು, ನರದ ಸುತ್ತ ಜೋಮುಹಿಡಿಸುವ ಸೂಜಿಮದ್ದು, ದಬ್ಬೆ, ಕಟ್ಟು, ಅಂಗಸಾಧನೆ ಇವೆಲ್ಲವನ್ನೂ ಕೂಡಿಸಬೇಕು. ಸೇವನೆಯ ಪ್ರಮಾಣದೊಡನೆ ನಿಲ್ಲಿಸುವ ದಿನವನ್ನೂ ಮೊದಲೇ ಹೇಳಬೇಕು. ಬರೆದುಕೊಡುವವನು ಒಬ್ಬನೇ ಆಗಿರಬೇಕು. ಒಗ್ಗಿಹೋಗಿದ್ದರೆ ಮೆಲ್ಲನೆ ಇಳಿಸಬೇಕು. ಮದ್ಯಪಾನ, ದುಃಖ, ಭಯ, ನಿದ್ರಾಹೀನತೆಗಳನ್ನು ಕೇಳಿ ತಿಳಿದು ಅವುಗಳಿಗೆ ಬೇರೆ ಚಿಕಿತ್ಸೆಯನ್ನು ಮಾಡಬೇಕು. ಉಳಿದ ಮಾತ್ರೆಗಳನ್ನು ಮನೆಯಲ್ಲಿ ಕೂಡಿಡಬಾರದು. ಈ ಪಟ್ಟಿಯನ್ನು ವ್ರಣಿತೋಪಾಸನೀಯದ ಪಕ್ಕದಲ್ಲಿಟ್ಟು ನೋಡಿದವರಿಗೆ ಕಾಣುವ ಸಾದೃಶ್ಯವು ಆಕಸ್ಮಿಕವಲ್ಲ. ಔಷಧಗಳು ಬೇರೆಯಾದರೂ ವ್ರಣಿತನು ಅವನೇ.

ಕರ್ನಾಟಕದಲ್ಲಿ ೨೦೦೮ರಿಂದ ೧೦೮ ಸಂಖ್ಯೆಯ ಆಂಬುಲೆನ್ಸ್ ಸೇವೆಯಿದೆ. ೨೦೧೬ರಲ್ಲಿ ಆರಂಭವಾದ ಹರೀಶ್ ಸಾಂತ್ವನ ಯೋಜನೆಯು ರಸ್ತೆಯ ಅಪಘಾತಕ್ಕೆ ಸಿಕ್ಕಿದವರಿಗೆ ಮೊದಲ ೪೮ ಗಂಟೆಗಳ ಚಿಕಿತ್ಸೆಗೆ ೨೫,೦೦೦ ರೂಪಾಯಿಗಳವರೆಗೆ ನೆರವನ್ನು ಗೊತ್ತುಮಾಡಿತು. ಪ್ರಾಣವನ್ನುಳಿಸುವ ಈ ವ್ಯವಸ್ಥೆಗಳು ಸ್ತುತ್ಯವಾದುವು. ಆದರೆ ೪೮ನೆಯ ಗಂಟೆಯನ್ನು ಎಣಿಸಿದ ಲೋಕವು ೪೮ನೆಯ ದಿನವನ್ನೂ ಎಣಿಸಬೇಕಾಗಿದೆ. ಆ ದಿನ ಗಾಯಾಳುವು ಆಸ್ಪತ್ರೆಯಲ್ಲಿರುವುದಿಲ್ಲ. ಹರಿಯಬ್ಬೆಯಂಥ ಊರಿನ ಜಗಲಿಯ ಮೇಲಿರುತ್ತಾನೆ. ಕಟ್ಟು ಬಿಚ್ಚಿರುತ್ತದೆ, ಕೆಲಸಕ್ಕೆ ಹೋಗಲು ಕಾಲು ಒಪ್ಪುವುದಿಲ್ಲ, ಸಾಲದ ಚಿಂತೆ ನಿದ್ರೆಯನ್ನು ಕೆಡಿಸಿರುತ್ತದೆ, ನುಂಗಿದರೆ ನೋವಿನೊಡನೆ ಚಿಂತೆಯನ್ನೂ ಮರೆಸುವ ಮಾತ್ರೆಯೊಂದು ಕೈಗೆ ಎಟುಕುವಂತಿರುತ್ತದೆ. ಅಲ್ಲಿ ಆತನಿಗೆ ಹಿತವನ್ನು ಹೇಳಬೇಕಾದವರು ತಾಯಿ, ಹೆಂಡತಿ, ನೆರೆಯವರು. ಸುಶ್ರುತನು ಹೇಳಿದ ಪ್ರಿಯಂವದರಾದ ಸುಹೃದರು ಅವರೇ. ಅವರಿಗೆ ಅವಧಿಯು ತಿಳಿದಿರದಿದ್ದರೆ ಅವರು ಮಾಡುವುದಾದರೂ ಏನು?

ಸಂಸ್ಕೃತದಲ್ಲಿ ಮಾತ್ರಾ ಎಂದರೆ ಅಳತೆ. ಕನ್ನಡವು ಆ ಶಬ್ದವನ್ನು ಮಾತ್ರೆ ಎಂದು ತದ್ಭವಮಾಡಿಕೊಂಡು ನುಂಗುವ ಗುಳಿಗೆಗೇ ಹೆಸರಾಗಿ ಇಟ್ಟಿತು. ಅಳತೆಯೇ ಔಷಧವೆಂಬ ಅಭಿಪ್ರಾಯವು ಆ ಹೆಸರಿನಲ್ಲಿ ಅಡಗಿದೆ. ಅಳತೆಯೆಂದರೆ ತೂಕ ಮಾತ್ರವಲ್ಲ, ಕಾಲವೂ ಹೌದು. ವೈದ್ಯನು ಚೀಟಿಯ ಮೇಲೆ ತೂಕವನ್ನು ಬರೆದು ಕಾಲವನ್ನು ಬಿಟ್ಟರೆ ಆತನು ಬರೆದುದು ಅರ್ಧ ಮಾತ್ರೆ. ಉಳಿದರ್ಧವು ನಿಲ್ಲಿಸುವ ದಿನದ ಒಂದು ಸಾಲು. ಅದನ್ನು ಮನೆಯವರು ಓದಿ ತಿಳಿಯುವಂತೆ, ಅವರ ಭಾಷೆಯಲ್ಲಿ ಬರೆಯಬೇಕಾಗಿದೆ.